ಸಮವಸ್ತ್ರವೂ ಆಟದ ಮೈದಾನವೂ

ಕೊಳ್ಳೇಗಾಲದ ಮೈದಾನದಲ್ಲೋ, ಹನೂರು ಅಥವಾ ಯಳಂದೂರಿನ ಹೊರವಲಯದ ರಸ್ತೆಯಲ್ಲೋ ಬೆಳಗಿನ ಜಾವ ಓಡುವವರಲ್ಲಿ ನೀವೂ ಒಬ್ಬರಾಗಿದ್ದರೆ, ನಿಮ್ಮ ಮನಸ್ಸಿನಲ್ಲಿ ಎರಡು ಆಸೆಗಳಿರಬಹುದು. ಒಂದು, ಸೇನೆಗೆ ಸೇರುವುದು. ಇನ್ನೊಂದು, ಆಟದಲ್ಲಿ ಹೆಸರು ಮಾಡುವುದು. ಎರಡೂ ಒಟ್ಟಿಗೆ ಸಾಧ್ಯವೇ? ಸಾಧ್ಯ. ಆದರೆ ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ, ಯಾವ ಆಟ ಆಡುತ್ತೀರಿ ಎಂಬುದನ್ನು ಅದು ಅವಲಂಬಿಸಿದೆ.

ಮೊದಲು ಅಧಿಕಾರಿಗಳ ಬಾಗಿಲು ನೋಡೋಣ. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸುಮಾರು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದವರು ಸೇರಬಹುದು. 2022ರಿಂದ ಹುಡುಗಿಯರಿಗೂ ಪ್ರವೇಶವಿದೆ. ಅಲ್ಲಿ 3 ವರ್ಷ, ಭೂಸೇನೆಗೆ ಹೋಗುವವರಿಗೆ ಆಮೇಲೆ ಇನ್ನೊಂದು ವರ್ಷ ತರಬೇತಿ. ಖರ್ಚು ಸರ್ಕಾರದ್ದು. ನಡುವೆ ತಾವಾಗಿಯೇ ಬಿಟ್ಟುಬಂದರೆ ಆ ವೆಚ್ಚ ಕಟ್ಟಿಕೊಡುವುದಾಗಿ ಸೇರುವಾಗಲೇ ಮುಚ್ಚಳಿಕೆ ಬರೆದುಕೊಡಬೇಕು. ಅಧಿಕಾರಿಯಾದ ಮೇಲೂ ಲೀಗಿನ ಕರೆ ಬಂತೆಂದು ರಾಜೀನಾಮೆ ಕೊಟ್ಟು ಹೊರಡುವಂತಿಲ್ಲ, ಸರ್ಕಾರ ಒಪ್ಪಬೇಕು.

ಈಗ ಒಂದು ಲೆಕ್ಕ ಹಾಕಿ. 18ಕ್ಕೆ ಸೇರಿದವರು 22ಕ್ಕೆ ಅಧಿಕಾರಿಯಾಗುತ್ತಾರೆ. ಓಟ, ಕಬಡ್ಡಿ, ಫುಟ್‌ಬಾಲ್‌ಗಳಲ್ಲಿ ದೇಹ ಉತ್ತುಂಗಕ್ಕೇರುವುದೂ ಇಪ್ಪತ್ತರ ಆ ವರ್ಷಗಳಲ್ಲೇ. ಸ್ನಾಯುಗಳ ವೇಗ ಯಾರಿಗೂ ಕಾಯುವುದಿಲ್ಲ. ಗುರಿ ಹೊಡೆಯುವ ಆಟ ಹಾಗಲ್ಲ. ಇದೇ ಅಕಾಡೆಮಿಯಲ್ಲಿ ಕಲಿತ ರಾಜ್ಯವರ್ಧನ್ ಸಿಂಗ್ ರಾಥೋಡ್ 1990ರಲ್ಲಿ ಅಧಿಕಾರಿಯಾದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ಅವರಿಗೆ 34 ವರ್ಷ.

ಈ ತೊಡಕು ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ನೌಕಾ ಅಕಾಡೆಮಿಯ ಡೇವಿಡ್ ರಾಬಿನ್ಸನ್ ಅವರನ್ನು 1987ರಲ್ಲಿ ಸ್ಯಾನ್ ಆಂಟೋನಿಯೊದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡ ಆರಿಸಿಕೊಂಡಿತು. ಪದವೀಧರರು 5 ವರ್ಷ ಸೇವೆ ಸಲ್ಲಿಸಬೇಕಿತ್ತು. 7 ಅಡಿ ಮೀರಿದ ಎತ್ತರ ನೌಕಾ ಕೆಲಸಗಳಿಗೆ ಒಗ್ಗದ ಕಾರಣ ಅವರಿಗೆ ಅದನ್ನು 2 ವರ್ಷಕ್ಕೆ ಇಳಿಸಲಾಯಿತು. ತಂಡ ಕಾದಿತು, 1989ರಲ್ಲಿ ಅವರು ಆಡಲಿಳಿದರು.

ಇನ್ನು ಸೈನಿಕರ ಬಾಗಿಲು. ಶಿರಸಿ ಕಡೆಯ ಕಾಶಿನಾಥ ನಾಯ್ಕ ಸೇನೆಯಲ್ಲಿದ್ದುಕೊಂಡೇ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜಾವೆಲಿನ್ ಕಂಚು ಗೆದ್ದರು. ನೀರಜ್ ಚೋಪ್ರಾ 2016ರಲ್ಲಿ ಕ್ರೀಡಾ ಸಾಧನೆಯ ಆಧಾರದ ಮೇಲೆಯೇ ನೇರವಾಗಿ ನಾಯಬ್ ಸುಬೇದಾರ್ ಆದರು. ಇಂಥವರಿಗೆ ಅಭ್ಯಾಸವೇ ಕರ್ತವ್ಯದ ಭಾಗ. ಸಂಬಳವುಂಟು, ಪುಣೆಯ ಸೇನಾ ಕ್ರೀಡಾ ಸಂಸ್ಥೆಯಂಥ ಕಡೆ ತರಬೇತಿಯೂ ಉಂಟು. ಆದರೆ 2014ರಲ್ಲಿ ಶುರುವಾದ ಪ್ರೊ ಕಬಡ್ಡಿಯಂಥ ಹಣದ ಲೀಗಿನಲ್ಲಿ ಆಡಲು ಇಲಾಖೆಯ ಅನುಮತಿ ಬೇಕು.

2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ 4 ವರ್ಷ, ಆಮೇಲೆ ಶೇ. 25ರವರೆಗೆ ಕಾಯಂ ಸೇವೆಗೆ ಅವಕಾಶ. ಉಳಿದವರು 22-23ರ ಹರೆಯದಲ್ಲಿ ಹೊರಬರಬಹುದು. ಆಟಕ್ಕೆ ಅದು ತಡವಾದ ವಯಸ್ಸಲ್ಲ. ಆದರೆ ಆ ನಾಲ್ಕು ವರ್ಷ ಆಟದ ಅಭ್ಯಾಸ ತಪ್ಪಿದ್ದರೆ ಮತ್ತೆ ಹಿಡಿಯುವುದು ಕಷ್ಟ.

ಆದ್ದರಿಂದ ಸಹಿ ಹಾಕುವ ಮುನ್ನ ನಿಮ್ಮ ದೈಹಿಕ ಶಿಕ್ಷಕರನ್ನೋ, ಎನ್‌ಸಿಸಿ ಅಧಿಕಾರಿಯನ್ನೋ ಕಂಡು ಮೂರು ಪ್ರಶ್ನೆ ಕೇಳಿ: ಎಷ್ಟು ವರ್ಷದ ಕಟ್ಟು? ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು? ಹೊರಗೆ ಆಡಲು ಯಾರ ಅನುಮತಿ ಬೇಕು? ಉತ್ತರಗಳನ್ನು ಬರೆದುಕೊಂಡು ಮನೆಯವರೊಂದಿಗೆ ಕುಳಿತು ಓದಿ. ಮುಚ್ಚಳಿಕೆಗೆ ಅವರ ಸಹಿಯೂ ಬೇಕಾಗಬಹುದು.