ಮೇಷ್ಟ್ರ ಗ್ರ್ಯಾಚುಟಿ: ಔದಾರ್ಯವಲ್ಲ, ಬಾಕಿ

ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ: ಬೆಳೆ ಕೈಕೊಟ್ಟ ವರ್ಷ ಖಾಸಗಿ ಶಾಲೆಯ ಶುಲ್ಕವೂ ಬಾಕಿ ಉಳಿಯುತ್ತದೆ. ಆಡಳಿತ ಮಂಡಳಿಯಾದರೂ ಏನು ಮಾಡೀತು? ಆಗ ಕತ್ತರಿ ಬೀಳುವ ಭಯವಿರುವುದು ಸದ್ಯಕ್ಕೆ ಕಣ್ಣಿಗೆ ಕಾಣದ ಖರ್ಚಿಗೆ, ಅಂದರೆ ನಿವೃತ್ತರಾಗುವ ಶಿಕ್ಷಕರ ಗ್ರ್ಯಾಚುಟಿಗೆ.

ಶಿಕ್ಷಕರಿಗೆ ಇದನ್ನು ಕೊಡಲೇಬೇಕೆ ಎಂಬ ಪ್ರಶ್ನೆ ದೆಹಲಿಯವರೆಗೂ ಹೋಗಿತ್ತು. 1972ರ ಗ್ರ್ಯಾಚುಟಿ ಕಾಯ್ದೆಯ ‘ನೌಕರ’ ಎಂಬ ಪದದೊಳಗೆ ಶಿಕ್ಷಕರು ಬರುವುದಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜವಾನನಿಗೆ ಉಂಟು, ಮೇಷ್ಟ್ರಿಗಿಲ್ಲ! 2009ರಲ್ಲಿ ಸಂಸತ್ತು ಆ ವ್ಯಾಖ್ಯೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯಿಸಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. 2025ರ ನವೆಂಬರ್ 21ರಂದು ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿತು. ಹಕ್ಕು ಮಾತ್ರ ಉಳಿದಿದೆ.

ಲೆಕ್ಕ ಸುಲಭ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ತಿಂಗಳಿಗೆ 13,000 ರೂಪಾಯಿ ಪಡೆಯುತ್ತಿದ್ದ ಶಿಕ್ಷಕಿ 20 ವರ್ಷ ದುಡಿದಿದ್ದರೆ ಆಕೆಗೆ ಸಲ್ಲಬೇಕಾದದ್ದು ಒಂದೂವರೆ ಲಕ್ಷ ರೂಪಾಯಿ.

ಸಾಮಾನ್ಯವಾಗಿ ಇದಕ್ಕೆ ಐದು ವರ್ಷಗಳ ನಿರಂತರ ಸೇವೆ ಬೇಕು. ಅಡ್ಡದಾರಿ ಹುಟ್ಟುವುದು ಇಲ್ಲೇ. ಏಪ್ರಿಲ್‌ನಲ್ಲಿ ಕೆಲಸದಿಂದ ಬಿಡಿಸಿ ಜೂನ್‌ನಲ್ಲಿ ಹೊಸ ನೇಮಕಾತಿ ಆದೇಶ ಕೊಡುತ್ತಾ ಹೋದರೆ, ಕಡತದಲ್ಲಿ ಐದು ವರ್ಷ ತುಂಬುವುದೇ ಇಲ್ಲ. ಆದರೆ ರಜೆ ಮುಗಿಸಿ ಬರುವ ಮಕ್ಕಳಿಗೆ ಕಾಣುವುದು ಅದೇ ಕರಿಹಲಗೆ, ಅದೇ ಟೀಚರ್! ಕಡತ ಸರಿಯಿದ್ದ ಮಾತ್ರಕ್ಕೆ ನಡತೆ ಸರಿಯಾದೀತೆ?

ಹಾಗಾದರೆ ಬಡ ಶಾಲೆ ಬದುಕುವುದು ಹೇಗೆ? ಮೊದಲ ವರ್ಷದಿಂದಲೇ ತೆಗೆದಿಡುವುದೊಂದೇ ದಾರಿ. ವರ್ಷಕ್ಕೆ ಹದಿನೈದು ದಿನದ ವೇತನವೆಂದರೆ ವಾರ್ಷಿಕ ಸಂಬಳದ ಸುಮಾರು ಶೇ 4.8. ಸಂಬಳದ ಪ್ರತಿ ನೂರು ರೂಪಾಯಿಗೆ ಐದು ರೂಪಾಯಿ ಬೇರೆ ಖಾತೆಗೆ ಹೋದರೆ ಹೊರೆಯ ಬಹುಪಾಲು ಇಳಿದಂತೆ. ಸಂಬಳ ಏರಿದಾಗ ಹಿಂದಿನ ವರ್ಷಗಳ ಬಾಬ್ತು ಇನ್ನಷ್ಟು ಸೇರಿಸಬೇಕು, ಅಷ್ಟೆ. ಜೀವ ವಿಮಾ ನಿಗಮದಲ್ಲಿ ಇದಕ್ಕೆಂದೇ ಗುಂಪು ಯೋಜನೆಯಿದೆ. ಹನಿಗೂಡಿದರೆ ಹಳ್ಳ.

ಆಡಳಿತ ಮಂಡಳಿಯವರು ನೆನಪಿಡಬೇಕಾದದ್ದು ಒಂದೇ. ಗ್ರ್ಯಾಚುಟಿ ಬೀಳ್ಕೊಡುಗೆಯ ಶಾಲು, ಹಾರಗಳ ಜೊತೆ ಕೊಡುವ ಕಾಣಿಕೆಯಲ್ಲ. ಆಗಲೇ ದುಡಿದಿಟ್ಟ ಸಂಬಳದ ಉಳಿಕೆ. ಅದನ್ನು ತಡೆಹಿಡಿದು ಹೊಸ ಕೊಠಡಿ ಕಟ್ಟಿಸಿದರೆ, ಗೋಡೆಯ ದಾನಿಗಳ ಫಲಕದಲ್ಲಿ ಮೊದಲ ಹೆಸರು ಆ ಶಿಕ್ಷಕಿಯದೇ ಆಗಬೇಕಾಗುತ್ತದೆ!