ಪ್ರತ್ಯಕ್ಷ ಮತ್ತು ಅನುಮಾನ: ಒಂದು ಪತ್ತೇದಾರಿ ಕಾದಂಬರಿಯ ವಿವೇಚನೆ

ಪತ್ತೇದಾರಿ ಕಾದಂಬರಿಯೆಂದರೆ ಹೊತ್ತು ಕಳೆಯುವ ಸರಕು, ವಿದ್ಯಾರ್ಥಿಗಳು ಪಠ್ಯಪುಸ್ತಕದ ಮರೆಯಲ್ಲಿ ಕದ್ದು ಓದುವ ವಸ್ತು ಎಂಬ ಭಾವನೆ ಹಿರಿಯರಲ್ಲಿ ಬಹುಕಾಲದಿಂದ ನೆಲೆನಿಂತಿದೆ. ಈ ಭಾವನೆ ಪೂರ್ಣವಾಗಿ ನಿರಾಧಾರವೆನ್ನಲಾಗದು. ಪೂರ್ಣವಾಗಿ ಸತ್ಯವೂ ಅಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಮೂಲಕವೇ ಓದಿನ ರುಚಿ ಹತ್ತಿಸಿಕೊಂಡ ಕನ್ನಡಿಗರು ಅಸಂಖ್ಯರು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಕಂಡುದರಿಂದ ಕಾಣದುದನ್ನು ಅರಿಯುವ ಬಗೆ ಯಾವುದು ಎಂಬ ಪ್ರಶ್ನೆಯೇ ಈ ಬಗೆಯ ಕಥೆಗಳ ಜೀವಾಳ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವ ಕ್ರಮವನ್ನು ವಿವರಿಸಿದ ನಮ್ಮ ತರ್ಕಶಾಸ್ತ್ರದ ಪ್ರಶ್ನೆಯೂ ಇದೇ ಅಲ್ಲವೆ? ಈ ದೃಷ್ಟಿಯಿಂದ ವಿವೇಚನೆಗೆ ತಕ್ಕುದಾದ ಒಂದು ಕೃತಿ ಅಮೆರಿಕದ ಲೇಖಕ ರೆಕ್ಸ್ ಸ್ಟೌಟ್ ಅವರ ‘ಫರ್-ಡ-ಲಾನ್ಸ್’.

ಸ್ಟೌಟ್ ಅವರು 1886ರಲ್ಲಿ ಇಂಡಿಯಾನಾ ಸಂಸ್ಥಾನದ ನೋಬಲ್ಸ್‌ವಿಲ್ ಎಂಬ ಊರಿನಲ್ಲಿ, ಕ್ವೇಕರ್ ಪಂಥದ ಮನೆತನದಲ್ಲಿ ಜನಿಸಿದರು. ‘ಫರ್-ಡ-ಲಾನ್ಸ್’ ಪ್ರಕಟವಾದುದು 1934ರಲ್ಲಿ. ಇದರಲ್ಲಿ ಮೊದಲು ಕಾಣಿಸಿಕೊಂಡ ಪತ್ತೇದಾರರ ಜೋಡಿಯನ್ನೇ ಆಧರಿಸಿ, 1975ರಲ್ಲಿ ತಾವು ತೀರಿಕೊಳ್ಳುವವರೆಗೆ ಅವರು ಒಟ್ಟು 33 ಕಾದಂಬರಿಗಳನ್ನೂ ಅನೇಕ ನೀಳ್ಗತೆಗಳನ್ನೂ ರಚಿಸಿದರು. ಕೃತಿಯ ಹೆಸರು ಫ್ರೆಂಚ್ ಭಾಷೆಯದು. ‘ಈಟಿಯ ಅಲಗು’ ಎಂದು ಅದರ ಅರ್ಥ. ನಮ್ಮ ಕೊಳಕುಮಂಡಲದ ಕುಲಕ್ಕೆ ಸೇರಿದ, ಅಮೆರಿಕ ಖಂಡದ ಉಷ್ಣಪ್ರದೇಶದ ಘೋರ ವಿಷಸರ್ಪವೊಂದಕ್ಕೆ ಆ ಹೆಸರು ಸಂದಿದೆ.

ಆ ಜೋಡಿ ಎಂತಹುದು? ನೀರೋ ವುಲ್ಫ್ ಮತ್ತು ಆರ್ಚಿ ಗುಡ್ವಿನ್ ಇಬ್ಬರೂ ವೃತ್ತಿಯಿಂದ ಖಾಸಗಿ ಪತ್ತೇದಾರರು. ಸ್ವಭಾವದಲ್ಲಿ ಮಾತ್ರ ಉತ್ತರ ದಕ್ಷಿಣ ಧ್ರುವಗಳು. ವುಲ್ಫನ ತೂಕ ಒಂದು ಟನ್ನಿನ ಏಳನೆಯ ಒಂದು ಪಾಲು, ಎಂದರೆ ಸುಮಾರು 130 ಕಿಲೋಗ್ರಾಂ. ನ್ಯೂಯಾರ್ಕ್ ನಗರದ ಪಶ್ಚಿಮ 35ನೆಯ ಬೀದಿಯಲ್ಲಿರುವ ತನ್ನ ಮನೆಯನ್ನು ಬಿಟ್ಟು ಕೆಲಸದ ನಿಮಿತ್ತ ಹೊರಗೆ ಕಾಲಿಡುವುದಿಲ್ಲವೆಂಬುದು ಅವನ ನಿಯಮ. ಮನೆಯ ಮೇಲ್ಭಾಗದಲ್ಲಿ ನಮ್ಮ ಮಲೆನಾಡಿನ ಸೀತಾಳೆದಂಡೆಯ ಬಂಧುಗಳಾದ ಆರ್ಕಿಡ್ ಗಿಡಗಳನ್ನು ಸಾವಿರಗಟ್ಟಲೆಯಾಗಿ ಬೆಳೆಸಿದ್ದಾನೆ. ಬೆಳಗ್ಗೆ 9ರಿಂದ 11ರವರೆಗೆ, ಸಂಜೆ 4ರಿಂದ 6ರವರೆಗೆ ಅವನು ಆ ಗಿಡಗಳ ನಡುವೆ ಇರುತ್ತಾನೆ. ಎಂತಹ ತುರ್ತು ಬಂದರೂ ಈ ವೇಳೆ ಕದಲದು. ಭೋಜನಪ್ರಿಯ, ಬೀರ್ ಪಾನದ ವ್ಯಸನಿ, ಗ್ರಂಥಪ್ರೇಮಿ, ಮಹಾಬುದ್ಧಿಶಾಲಿ, ಅಷ್ಟೇ ಸೋಮಾರಿ. ಆರ್ಚಿಯಾದರೋ ಚಟುವಟಿಕೆಯ ತರುಣ. ಪ್ರಿಯವಾದ ಪಾನೀಯ ಹಾಲು. ಕಾರು ಓಡಿಸುವವನು, ಊರು ಸುತ್ತುವವನು, ಜನರನ್ನು ಮಾತಿಗೆಳೆಯುವವನು ಅವನೇ. ಕೇಳಿದ ಸಂಭಾಷಣೆಯನ್ನು ಅಕ್ಷರಲೋಪವಿಲ್ಲದೆ ಒಪ್ಪಿಸಬಲ್ಲ ಸ್ಮರಣಶಕ್ತಿ ಅವನದು. ಕಥೆಯನ್ನು ನಿರೂಪಿಸುವವನೂ ಅವನೇ.

ಪತ್ತೇದಾರನಿಗೆ ಒಬ್ಬ ಸಂಗಾತಿಯನ್ನು ಕೂಡಿಸುವ ಪದ್ಧತಿ ಸ್ಟೌಟ್ ಅವರ ಸೃಷ್ಟಿಯಲ್ಲ. ಕಾನನ್ ಡಾಯ್ಲ್ ಅವರು 1887ರಲ್ಲಿಯೇ ಷರ್ಲಾಕ್ ಹೋಮ್ಸನೊಡನೆ ಡಾಕ್ಟರ್ ವಾಟ್ಸನ್ನನನ್ನು ನಿಲ್ಲಿಸಿದ್ದರು. ಆದರೆ ವಾಟ್ಸನ್ನನ ಮುಖ್ಯ ಕೆಲಸ ನೋಡುವುದು, ಬೆರಗಾಗುವುದು, ಬರೆದಿಡುವುದು. ಆರ್ಚಿ ಬೆರಗುಗೊಂಡು ಕೂರುವವನಲ್ಲ. ದುಡಿಯುವವನು, ಕೆಣಕುವವನು, ಒಡೆಯನ ಸೋಮಾರಿತನವನ್ನು ಚುಚ್ಚಿ ಕೆಲಸಕ್ಕೆ ಹಚ್ಚುವವನು. ಕುಳಿತಲ್ಲಿಯೇ ಯೋಚಿಸುವ ಹಳೆಯ ಬಗೆಯ ಪತ್ತೇದಾರನನ್ನೂ, ಬೀದಿಗಿಳಿದು ಹೋರಾಡುವ ಹೊಸ ಅಮೆರಿಕನ್ ಬಗೆಯ ಪತ್ತೇದಾರನನ್ನೂ ಒಂದೇ ಮನೆಯಲ್ಲಿ ಇರಿಸಿದುದು ಸ್ಟೌಟ್ ಅವರ ವಿಶೇಷ.

ಇನ್ನು ಕಥೆ. 1933ರ ಬೇಸಗೆ. ಮರಿಯಾ ಮಫೆಯಿ ಎಂಬ ಇಟಲಿ ಮೂಲದ ಬಡ ಹೆಂಗಸು ತನ್ನ ಸೋದರ ಕಾರ್ಲೋ ಕಾಣೆಯಾಗಿದ್ದಾನೆಂದು ಮೊರೆಯಿಡುತ್ತಾಳೆ. ಅವನು ಲೋಹದ ಕುಶಲಕರ್ಮಿ. ಅವನು ವಾಸವಾಗಿದ್ದ ವಸತಿಗೃಹಕ್ಕೆ ಆರ್ಚಿ ಹೋಗಿ ವಿಚಾರಿಸುತ್ತಾನೆ. ಅಲ್ಲಿನ ಕೆಲಸದ ಹುಡುಗಿ ಆನಾಳನ್ನು ವುಲ್ಫನೆದುರಿಗೆ ಕರೆತರುತ್ತಾನೆ. ವುಲ್ಫನು ತಾಳ್ಮೆಯಿಂದ ಬಹಳ ಹೊತ್ತು ಪ್ರಶ್ನಿಸಿದ ಮೇಲೆ, ಕಾರ್ಲೋ ವೃತ್ತಪತ್ರಿಕೆಯಿಂದ ಒಂದು ಸುದ್ದಿಯನ್ನು ಕತ್ತರಿಸಿಟ್ಟಿದ್ದನೆಂಬ ಸಂಗತಿ ಹೊರಬೀಳುತ್ತದೆ. ಆ ಸುದ್ದಿ ಪೀಟರ್ ಆಲಿವರ್ ಬಾರ್‌ಸ್ಟೋ ಎಂಬ ಕಾಲೇಜಿನ ಮುಖ್ಯಸ್ಥನ ಮರಣದ್ದು. ಗಾಲ್ಫ್ ಆಟದ ಬಯಲಿನಲ್ಲಿ ಅವನು ಕುಸಿದು ಸತ್ತಿದ್ದನು, ಹೃದಯಾಘಾತವೆಂದು ವೈದ್ಯನು ಬರೆದುಕೊಟ್ಟಿದ್ದನು, ಸಂಸ್ಕಾರವೂ ಮುಗಿದಿತ್ತು. ವುಲ್ಫನು ಈ ಎರಡು ಎಳೆಗಳನ್ನು ಹೆಣೆಯುತ್ತಾನೆ: ಚೆಂಡನ್ನು ಹೊಡೆದೊಡನೆ ಹಿಡಿಯ ಕಡೆಯಿಂದ ವಿಷದ ಸೂಜಿ ಚಿಮ್ಮುವಂತಹ ಗಾಲ್ಫ್ ದಾಂಡನ್ನು ಕಾರ್ಲೋ ತಯಾರಿಸಿರಬೇಕು, ಸುದ್ದಿಯನ್ನು ಓದಿ ಅದರ ಬಳಕೆಯನ್ನು ಅರಿತುದರಿಂದಲೇ ಅವನಿಗೂ ಮೃತ್ಯು ಒದಗಿರಬೇಕು. ಸರ್ಕಾರಿ ವಕೀಲನು ನಂಬದಿರಲು 10,000 ಡಾಲರುಗಳ ಪಂಥಕ್ಕೂ ವುಲ್ಫನು ಮುಂದಾಗುತ್ತಾನೆ. ಶವವನ್ನು ಹೊರತೆಗೆದು ಪರೀಕ್ಷಿಸಿದಾಗ ಸೂಜಿ ದೊರೆಯುತ್ತದೆ.

ನೈಯಾಯಿಕರು ಪ್ರಮಾಣಗಳಲ್ಲಿ ಮೊದಲು ಪ್ರತ್ಯಕ್ಷವನ್ನೂ ಅನಂತರ ಅನುಮಾನವನ್ನೂ ಹೇಳಿದ್ದಾರೆ. ಇಲ್ಲಿ ಅನುಮಾನವೆಂದರೆ ಸಂಶಯವಲ್ಲ. ಹೇತುವಿನಿಂದ ಸಾಧ್ಯವನ್ನು ನಿಶ್ಚಯಿಸುವುದು. ಅನುಮಾನವು ಪ್ರತ್ಯಕ್ಷವನ್ನು ಅವಲಂಬಿಸಿಯೇ ನಿಲ್ಲತಕ್ಕುದು. ಹೊಗೆಯನ್ನು ಕಾಣದವನು ಬೆಂಕಿಯನ್ನು ಊಹಿಸಲಾರನು. ಈ ಕಾದಂಬರಿಯಲ್ಲಿ ಪ್ರತ್ಯಕ್ಷವು ಆರ್ಚಿಯ ಪಾಲು, ಅನುಮಾನವು ವುಲ್ಫನ ಪಾಲು. ಆಟಗಾರರ ದಾಂಡಿನ ಚೀಲ ಹೊರುವ ಹುಡುಗರನ್ನು ಆರ್ಚಿ ಮನೆಗೆ ಕರೆತರುವ ಪ್ರಸಂಗ ಇದಕ್ಕೆ ಉತ್ತಮ ನಿದರ್ಶನ. ವುಲ್ಫನು ಅವರಿಗೆ ಊಟವಿಕ್ಕಿಸಿ, ಅಂದಿನ ಆಟದ ಪ್ರತಿಯೊಂದು ವಿವರವನ್ನೂ ನೆನಪಿಗೆ ತರಿಸುತ್ತಾನೆ. ಆಗ ಬಾರ್‌ಸ್ಟೋ ಮೊದಲ ಹೊಡೆತವನ್ನು ತನ್ನ ದಾಂಡಿನಿಂದ ಹೊಡೆಯದೆ ಬೇರೊಬ್ಬನ ದಾಂಡನ್ನು ಎರವಲು ಪಡೆದಿದ್ದನೆಂಬುದು ತಿಳಿಯುತ್ತದೆ. ಈ ಒಂದು ಮಾತಿನಿಂದ ವ್ಯವಹಾರದ ಸ್ವರೂಪವೇ ಬದಲಾಗುತ್ತದೆ. ಯಾರೂ ಲೆಕ್ಕಿಸದ ಹುಡುಗರ ನೆನಪಿನಲ್ಲಿ ಸತ್ಯ ಅಡಗಿದ್ದಿತು!

ಸಾಂಖ್ಯರು ಹೇಳುವ ಪಂಗ್ವಂಧ ನ್ಯಾಯವು ಇಲ್ಲಿ ನೆನಪಾಗುವುದು ಸಹಜ. ನಡೆಯಲಾರದ ಕುಂಟನು ಕಾಣಲಾರದ ಕುರುಡನ ಹೆಗಲೇರಿ ದಾರಿ ತೋರಿದನಂತೆ. ಇಬ್ಬರೂ ಊರು ಸೇರಿದರಂತೆ. ಆದರೆ ಈ ಹೋಲಿಕೆ ಒಂದು ಎಡೆಯಲ್ಲಿ ಸೋಲುತ್ತದೆ. ಆರ್ಚಿ ಕುರುಡನಲ್ಲ. ಅವನಿಗೆ ಒಡೆಯನಷ್ಟು ದೂರ ಕಾಣದಿರಬಹುದು. ಒಡೆಯನನ್ನೇ ಸ್ಪಷ್ಟವಾಗಿ ಕಾಣಬಲ್ಲ ಕಣ್ಣು ಅವನಿಗಿದೆ. ಕೃತಿಯ ಸತ್ತ್ವವಿರುವುದು ಇಲ್ಲಿಯೇ.

ಕೊಲೆಗಾರನು ಯಾರೆಂದು ಇಲ್ಲಿ ಹೇಳಿಬಿಡುವುದು ಓದಲಿರುವವರಿಗೆ ಅನ್ಯಾಯವಾದೀತು. ಅವನು ವುಲ್ಫನ ಮೇಜಿನ ಸೆಳೆಖಾನೆಯಲ್ಲಿ ಆ ವಿಷಸರ್ಪವನ್ನೇ ಇಡಿಸುತ್ತಾನೆ. ಎದ್ದು ನಾಲ್ಕು ಹೆಜ್ಜೆ ಇಡಲೂ ಬೇಸರಿಸುವ ವುಲ್ಫನು ಕೈಗೆ ಸಿಕ್ಕಿದ ಬೀರ್ ಸೀಸೆಯಿಂದಲೇ ಅದನ್ನು ಬಡಿದು ಕೊಲ್ಲುತ್ತಾನೆ. ಇಷ್ಟಾದರೂ ಅಪರಾಧಿ ಕಟಕಟೆಯನ್ನು ಏರುವುದಿಲ್ಲ. ಬಂಧನಕ್ಕೆ ಮುನ್ನವೇ ಅವನು ಸಾಯುತ್ತಾನೆ. ತನ್ನೊಡನೆ ಮತ್ತೊಂದು ಜೀವವನ್ನೂ ಒಯ್ಯುತ್ತಾನೆ. ಈ ಅಂತ್ಯಕ್ಕೆ ವುಲ್ಫನು ತಿಳಿದೂ ಎಡೆಮಾಡಿಕೊಟ್ಟನೆಂಬುದನ್ನು ಆರ್ಚಿ ಮುಚ್ಚಿಡುವುದಿಲ್ಲ. ಒಡೆಯನ ಮುಖದೆದುರೇ ಆಡುತ್ತಾನೆ. ಸತ್ತ ಆ ಎರಡನೆಯವನೂ ಹಿಂದೊಮ್ಮೆ ಕೈಗೆ ರಕ್ತ ಹಚ್ಚಿಕೊಂಡವನೇ, ನಿಜ. ಆದರೆ ಅವನಿಗೆ ದಂಡನೆಯನ್ನು ಗೊತ್ತುಮಾಡುವ ಅಧಿಕಾರ ಕುರ್ಚಿಯಲ್ಲಿ ಕುಳಿತ ಒಬ್ಬ ಬುದ್ಧಿವಂತನಿಗೆ ಉಂಟೆ? ಸತ್ಯವನ್ನು ಕಂಡುಹಿಡಿದವನು ಸತ್ಯದ ಒಡೆಯನೂ ಆಗಿಬಿಡುವನೆ? ಲೇಖಕರು ಉತ್ತರ ಕೊಡುವುದಿಲ್ಲ. ಪ್ರಶ್ನೆಯನ್ನು ಸೇವಕನ ಬಾಯಿಂದ ಕೇಳಿಸಿ ಸುಮ್ಮನಾಗುತ್ತಾರೆ.

ಅರಿವು ಆಚಾರದಲ್ಲಿ ನೆಲೆಗೊಳ್ಳದಿದ್ದರೆ ಅದು ಬರಿದೆಂಬುದು ಶರಣರ ನಿಲುವು. ಅನ್ಯದೇಶದ, ಅನ್ಯಧರ್ಮದ ಲೇಖಕರ ಕೃತಿಯಲ್ಲಿ ಆ ತತ್ತ್ವವನ್ನು ಆರೋಪಿಸುವುದು ಸಲ್ಲದು. ಆದರೂ ಆ ತತ್ತ್ವದ ಬೆಳಕಿನಲ್ಲಿ ಓದಿದಾಗ ವುಲ್ಫನ ಕೊರತೆ ಎದ್ದುಕಾಣುತ್ತದೆ. ಅವನ ಅರಿವು ಅಪಾರ. ಆದರೆ ತಾನು ನಿರ್ಣಯಿಸಿದುದರ ಫಲವನ್ನು ಹೋಗಿ ಕಣ್ಣಾರೆ ನೋಡುವ ಹೊಣೆ ಅವನಿಗಿಲ್ಲ. ಆ ಹೊಣೆ ಆರ್ಚಿಯದು. ಅಳುವವರ ಮನೆಯ ಬಾಗಿಲಿಗೆ ಹೋಗಿ ನಿಲ್ಲುವವನು ಅವನು. ಆದುದರಿಂದಲೇ ಒಡೆಯನನ್ನು ಪ್ರಶ್ನಿಸುವ ನೈತಿಕ ಬಲ ಅವನಿಗೆ ದೊರಕಿತು. ಪ್ರಶ್ನಿಸಿದ ಮೇಲೂ ಅವನು ಮನೆ ಬಿಟ್ಟು ಹೋಗಲಿಲ್ಲ. ನಿಷ್ಠೆಯೆಂದರೆ ತಲೆದೂಗುವುದಲ್ಲ, ತಪ್ಪನ್ನು ತಪ್ಪೆಂದು ಹೇಳಿ ಜೊತೆಯಲ್ಲಿ ನಿಲ್ಲುವುದು ಎಂಬುದಕ್ಕೆ ಅವನು ಸಾಕ್ಷಿ.

ವಿದ್ಯಾರ್ಥಿಗಳು ಇಂತಹ ಕೃತಿಯನ್ನು ಕದ್ದು ಓದಬೇಕಾಗಿಲ್ಲ, ಎದುರಿಗಿಟ್ಟುಕೊಂಡೇ ಓದಬಹುದು. ಕೊಲೆಗಾರನು ಯಾರೆಂಬ ಕುತೂಹಲ ಕೊನೆಯ ಪುಟದೊಡನೆ ತಣಿಯುತ್ತದೆ. ತಿಳಿದವನ ಹೊಣೆ ಏನೆಂಬ ಪ್ರಶ್ನೆ ಪುಸ್ತಕವನ್ನು ಮುಚ್ಚಿದ ಮೇಲೆಯೂ ಉಳಿಯುತ್ತದೆ.