ಕಲ್ಲಿಗೆ ತಾರೀಖು ಗೊತ್ತಿಲ್ಲ, ಗೋಡೆ ನಮ್ಮ ಕೈಯಲ್ಲಿದೆ

ಕಲಬುರಗಿ ಕಡೆಯವರಿಗೆ ಹೈದರಾಬಾದಿನ ಮೆಹದಿಪಟ್ಟಣಂ ಎಂದರೆ ಅರ್ಧ ಊರು ಮುಟ್ಟಿದ ಹಾಗೆ. ಚೇವೆಳ್ಳ, ಪರಿಗಿ, ತಾಂಡೂರಿನ ಬಸ್ಸುಗಳು ಇಲ್ಲಿಂದಲೇ ಸಿಗುತ್ತವೆ. ತಾಂಡೂರು ದಾಟಿದರೆ ಚಿಂಚೋಳಿ, ಸೇಡಂ. ರೈತು ಬಜಾರಿನಿಂದ ಕೂಗಳತೆಯ ಬಾಡಿಗೆ ಮನೆಯಲ್ಲಿ ನಾನಿರುವುದಕ್ಕೂ ಅದೇ ಕಾರಣ. ಕೆಲಸ ಕಲ್ಲು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಸುರಂಗ, ಅಣೆಕಟ್ಟಿನ ಜಾಗಗಳಲ್ಲಿ ಕೊರೆದು ತೆಗೆದ, ಬಳೆಯಷ್ಟು ಅಗಲದ ಉದ್ದನೆಯ ಕಲ್ಲಿನ ತುಂಡುಗಳು ನಮ್ಮಲ್ಲಿಗೆ ಬರುತ್ತವೆ. ಅವುಗಳಲ್ಲಿರುವ ಬಿರುಕು ಎಷ್ಟು ಬಲಕ್ಕೆ ಜಾರುತ್ತದೆ ಎಂದು ಅಳೆದು ವರದಿ ಬರೆಯುವುದು ನನ್ನ ಪಾಲಿನ ಕೆಲಸ.

2021ರ ಅಕ್ಟೋಬರಿನಲ್ಲಿ ಈ ಕೆಲಸಕ್ಕೂ ಊರಿಗೂ ನೇರ ಸಂಬಂಧ ಬಂತು. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲ ಮೇಲಿಂದ ಮೇಲೆ ನಡುಗಿತು. ದೊಡ್ಡದೆನಿಸಿದ ಕಂಪನದ ತೀವ್ರತೆ 4ರ ಆಸುಪಾಸು. ಹಲವು ಕುಟುಂಬಗಳು ಊರು ಬಿಟ್ಟವು, ಉಳಿದವರು ಅಂಗಳದಲ್ಲಿ ಮಲಗಿದರು. ಆ ಕಡೆಯೇ ಇರುವ ನಮ್ಮ ಕಾಕಾ ಫೋನ್ ಮಾಡಿದರು: ‘ಭೂಮಿ ಒಳಗಿಂದ ಗುಡುಗಿದಂಗ ಸಪ್ಪಳ ಬರ್ಲಿಕತ್ತದ. ನೀ ಕಲ್ಲಿಂದೇ ಕೆಲಸ ಮಾಡ್ತಿ, ದೊಡ್ಡದು ಯಾವಾಗ ಬರ್ತದ ಹೇಳಪಾ.’

ಆ ‘ಯಾವಾಗ’ಕ್ಕೆ ಯಾರ ಬಳಿಯೂ ಉತ್ತರವಿಲ್ಲ. ಆದರೆ ‘ಯಾಕೆ’ ಎಂಬುದಕ್ಕೆ ಪ್ರಯೋಗಾಲಯಗಳು ಅರವತ್ತು ವರ್ಷಗಳಿಂದ ಸಾಕಷ್ಟು ಉತ್ತರ ಕೂಡಿಟ್ಟಿವೆ. ಹೊರಗಿರುವ ನಮಗೆ ಆ ಉತ್ತರದಿಂದ ಒಂದು ಕೆಲಸವೂ ಬಂದು ಬೀಳುತ್ತದೆ.

ಅಂಟುವುದು, ಜಾರುವುದು

ಭಾರದ ಕಪಾಟನ್ನು ತಳ್ಳಿ ನೋಡಿ. ಮೊದಲು ಅಲುಗುವುದೇ ಇಲ್ಲ. ಇನ್ನಷ್ಟು ಬಲ ಹಾಕಿದರೆ ಗಕ್ಕನೆ ಸರಿದು ಮತ್ತೆ ನಿಲ್ಲುತ್ತದೆ. ನೆಲದೊಳಗೆ ಎರಡು ಬಂಡೆಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುವ ಬಿರುಕನ್ನು ಸ್ತರಭಂಗ ಎನ್ನುತ್ತಾರೆ. ಭೂಕಂಪವೆಂದರೆ ಬಹುಮಟ್ಟಿಗೆ ಅಲ್ಲಿ ನಡೆಯುವ ಇಂಥದ್ದೇ ಜಾರಾಟ. 1966ರಲ್ಲಿ ಅಮೆರಿಕದ ಎಂಐಟಿಯ ಬ್ರೇಸ್ ಮತ್ತು ಬೈಯರ್ಲಿ ಗ್ರಾನೈಟ್ ತುಂಡುಗಳನ್ನು ಯಂತ್ರದಲ್ಲಿ ಒತ್ತಿ ಜಾರಿಸಿ, ಈ ‘ಅಂಟು-ಜಾರು’ ಚಲನೆಯೇ ಭೂಕಂಪದ ಮೂಲವಿರಬಹುದು ಎಂದು ತೋರಿಸಿಕೊಟ್ಟರು.

ಬೈಯರ್ಲಿ 1978ರಲ್ಲಿ ಇನ್ನೊಂದು ವಿಷಯ ಹೇಳಿದರು. ಗ್ರಾನೈಟ್ ಇರಲಿ, ಸುಣ್ಣಕಲ್ಲು ಇರಲಿ, ಹೆಚ್ಚಿನ ಎಲ್ಲ ಕಲ್ಲುಗಳ ಘರ್ಷಣೆ ಹತ್ತಿರ ಹತ್ತಿರ ಒಂದೇ. ಬಿರುಕನ್ನು 100 ಕೆ.ಜಿ. ಭಾರ ಒತ್ತಿ ಹಿಡಿದಿದ್ದರೆ, ಅದನ್ನು ಸರಿಸಲು 60ರಿಂದ 85 ಕೆ.ಜಿ. ಬಲ ಬೇಕು. ಇದಕ್ಕೆ ಹೊರತಾದದ್ದು ಜೇಡಿಮಣ್ಣಿನಂಥ ಖನಿಜಗಳು. ಕ್ಯಾಲಿಫೋರ್ನಿಯಾದ ಸ್ಯಾನ್ ಆಂಡ್ರಿಯಾಸ್ ಸ್ತರಭಂಗದ ಒಂದು ಭಾಗ ಭೂಕಂಪವಿಲ್ಲದೆ ಸದ್ದಿಲ್ಲದೆ ತೆವಳುತ್ತದೆ. ಅಲ್ಲಿ ಸುಮಾರು 3 ಕಿ.ಮೀ. ಆಳದಿಂದ ತಂದ ಮಾದರಿಯಲ್ಲಿ ಇಂಥ ನುಣುಪು ಖನಿಜ ಸಿಕ್ಕಿತು. ಅದರ ಘರ್ಷಣೆ 100ಕ್ಕೆ 20ರ ಆಸುಪಾಸು ಮಾತ್ರ.

ನನಗೆ ಎಲ್ಲಕ್ಕಿಂತ ವಿಸ್ಮಯವೆನಿಸುವುದು ಕಲ್ಲಿನ ಕಾಲದ ಲೆಕ್ಕ. ಎರಡು ಕಲ್ಲು ಮೈಗೆ ಮೈ ಒತ್ತಿಕೊಂಡು ಸುಮ್ಮನೆ ನಿಂತಷ್ಟೂ ಅವುಗಳ ಹಿಡಿತ ಗಟ್ಟಿಯಾಗುತ್ತದೆ. 10 ಸೆಕೆಂಡ್ ಕಾಯ್ದದ್ದು 100 ಸೆಕೆಂಡಾದರೆ ಎಷ್ಟು ಹೆಚ್ಚುತ್ತದೋ, 100 ಇದ್ದದ್ದು 1,000 ಆದರೆ ಮತ್ತೆ ಅಷ್ಟೇ. ಇನ್ನೊಂದು ಕಡೆ, ಕೆಲವು ಕಲ್ಲುಗಳು ವೇಗ ಹೆಚ್ಚಿದಂತೆ ಹಿಡಿತ ಬಿಡುತ್ತಾ ಹೋಗುತ್ತವೆ. ಭೂಕಂಪ ಹುಟ್ಟುವುದು ಅಂಥ ಕಲ್ಲಿನಲ್ಲಿ. 1970ರ ದಶಕದಲ್ಲಿ ಡೀಟರಿಚ್, 1983ರಲ್ಲಿ ರೂಯಿನಾ ಈ ಎರಡೂ ಗುಣಗಳನ್ನು ಸಮೀಕರಣಕ್ಕೆ ಇಳಿಸಿದರು. ಇವತ್ತಿಗೂ ಘರ್ಷಣೆಯ ಸಂಶೋಧನೆ ನಿಂತಿರುವುದು ಆ ಬುನಾದಿಯ ಮೇಲೆ.

ನೀರು ಮಾಡುವ ಕೆಲಸ

ಗಡಿಕೇಶ್ವಾರದ ಕಂಪನಕ್ಕೆ ಜೋರು ಮಳೆಯ ನಂತರ ಸುಣ್ಣಕಲ್ಲಿನೊಳಗೆ ಇಳಿದ ನೀರು ಕಾರಣವಿರಬಹುದು ಎಂಬ ಅಭಿಪ್ರಾಯ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಹಾಗಂದಾಗ ಜನರಿಗೆ ತೋಚುವುದು ನೀರು ಎಣ್ಣೆಯಂತೆ ಬಂಡೆಯನ್ನು ಜಾರಿಸುತ್ತದೆ ಎಂದು. ಹಾಗಲ್ಲ. ಬಿಸಿನೀರಿನಲ್ಲಿ ತೊಳೆದ ಲೋಟವನ್ನು ಒದ್ದೆ ಕಟ್ಟೆಯ ಮೇಲೆ ಬೋರಲು ಹಾಕಿದರೆ ಅದು ತಾನಾಗಿ ಸರಿಯುವುದನ್ನು ನೋಡಿರುತ್ತೀರಿ. ಒಳಗೆ ಸಿಕ್ಕ ಗಾಳಿ ಹಿಗ್ಗಿ ಲೋಟದ ಭಾರವನ್ನು ತುಸು ಎತ್ತಿ ಹಿಡಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಬಿರುಕಿನೊಳಗಿನ ನೀರು ಮಾಡುವುದೂ ಅದನ್ನೇ. 1 ಕಿ.ಮೀ. ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಕಲ್ಲಿನ ಭಾರ ಸುಮಾರು 270 ಕೆ.ಜಿ. ಮೇಲಿನವರೆಗೂ ನೀರು ತುಂಬಿದ್ದರೆ ಅದು 100 ಕೆ.ಜಿ.ಯಷ್ಟನ್ನು ತಾನು ಹೊರುತ್ತದೆ. ಒತ್ತಿ ಹಿಡಿಯಲು ಉಳಿಯುವುದು 170. ಜಾರುವ ಹಂತದಲ್ಲೇ ಇರುವ ಬಿರುಕಿಗೆ ಇನ್ನು ಸ್ವಲ್ಪ ಒತ್ತಡ ಹೆಚ್ಚಿದರೂ ಸಾಕು.

ಇದರ ದೊಡ್ಡ ಉದಾಹರಣೆ ನಮ್ಮ ನೆರೆಯ ಮಹಾರಾಷ್ಟ್ರದ ಕೊಯ್ನಾ. 1960ರ ದಶಕದ ಆರಂಭದಲ್ಲಿ ಜಲಾಶಯ ತುಂಬತೊಡಗಿದ ಮೇಲೆ ಅಲ್ಲಿ ಕಂಪನಗಳು ಶುರುವಾದವು. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ತೀವ್ರತೆಯ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಹೈದರಾಬಾದಿನ ಉಪ್ಪಲ್ ರಸ್ತೆಯಲ್ಲಿರುವ, ಎಲ್ಲರೂ ಎನ್‌ಜಿಆರ್‌ಐ ಎಂದು ಕರೆಯುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ದಶಕಗಳಿಂದ ಕೊಯ್ನಾದ ಬೆನ್ನು ಹತ್ತಿದೆ. ಕೇಂದ್ರದ ಭೂವಿಜ್ಞಾನ ಸಚಿವಾಲಯದ ಯೋಜನೆಯಲ್ಲಿ ಗೋಠಣೆ ಎಂಬಲ್ಲಿ ಕೊರೆದ ರಂಧ್ರ 2017ರಲ್ಲಿ 3 ಕಿ.ಮೀ. ಆಳ ಮುಟ್ಟಿತು. ಕಪ್ಪು ಕಲ್ಲಿನ ಹೊದಿಕೆ ದಾಟಿ, ಕಂಪನ ಹುಟ್ಟುವ ಗ್ರಾನೈಟನ್ನೇ ಹತ್ತಿರದಿಂದ ನೋಡುವುದು ಅದರ ಉದ್ದೇಶ.

ತಾರೀಖು ಏಕೆ ಸಿಗದು?

ಯಂತ್ರದಲ್ಲಿ ಎಷ್ಟು ಭಾರ, ಎಷ್ಟು ಬಲ, ಎಷ್ಟು ಸರಿದಿದೆ ಎಲ್ಲವೂ ನನ್ನ ಕಣ್ಣೆದುರಿಗಿರುತ್ತದೆ. ನೆಲದಡಿ ಇರುವುದು ಕಿಲೋಮೀಟರುಗಟ್ಟಲೆ ಉದ್ದದ ಬಿರುಕು. ಎಷ್ಟೋ ಸಲ ಅದರ ಸುಳಿವೂ ಮೇಲೆ ಕಾಣದು. ಅದು ಎಷ್ಟು ಬಿಗಿದಿದೆ ಎಂದು ಅಳೆಯುವ ಸಾಧನವನ್ನು ಅಲ್ಲಿಗೆಲ್ಲ ಇಳಿಸಲಾಗದು. 2017ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಸಂಶೋಧಕರು, ಯಂತ್ರದಲ್ಲಿ ಉಜ್ಜಿಕೊಳ್ಳುವ ಪದರದ ಸಣ್ಣ ಸದ್ದುಗಳನ್ನು ಕಂಪ್ಯೂಟರಿಗೆ ಕಲಿಸಿ, ಮುಂದಿನ ಜಾರುವಿಕೆಗೆ ಎಷ್ಟು ಹೊತ್ತಿದೆ ಎಂದು ಅಂದಾಜು ಮಾಡಿಸಿದರು. ಅದು ಯಂತ್ರದೊಳಗಿನ ಪುಟ್ಟ ಕಂಪನಕ್ಕೆ ಸಿಕ್ಕ ಉತ್ತರ, ಊರಿಗೆ ಸಿಕ್ಕದ್ದಲ್ಲ.

ಸಣ್ಣ ಕಂಪನಗಳನ್ನು ನೋಡಿ ಲೆಕ್ಕ ಹಾಕೋಣವೆಂದರೆ ಅದೂ ಕೈಗೆ ಹತ್ತದು. ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1992ರಲ್ಲಿ ಸಣ್ಣ ನಡುಕಗಳಾಗಿ ನಿಂತಿದ್ದವು. ಮರುವರ್ಷ ಸೆಪ್ಟೆಂಬರ್ 30ರ ಬೆಳಗಿನ ಜಾವ 3.56ಕ್ಕೆ 6.2ರ ಭೂಕಂಪ ಬಂತು. ಆದರೆ ದಕ್ಷಿಣ ಭಾರತದಲ್ಲಿ ಇಂಥ ನಡುಕದ ಸರಣಿಗಳು ದೊಡ್ಡದೇನೂ ಆಗದೆ ತಣ್ಣಗಾದದ್ದೇ ಹೆಚ್ಚು. ಮೊದಲೇ ನೋಡಿ ಎರಡನ್ನು ಬೇರೆ ಮಾಡುವ ಗುರುತು ಇನ್ನೂ ಸಿಕ್ಕಿಲ್ಲ.

ಹಾಗಾದರೆ ಮಾಡುವುದೇನು?

ಕಿಲ್ಲಾರಿ ಆಗಿನ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಆದರೂ ಏಳೂವರೆ ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮುಖ್ಯವಾಗಿ ಮನೆಗಳೇ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆ, ಮೇಲೆ ಟನ್ನುಗಟ್ಟಲೆ ಮಣ್ಣು ಹೊತ್ತ ಮಾಳಿಗೆ. ಬೀದರ್, ಕಲಬುರಗಿ, ವಿಜಯಪುರದ ಹಳೆಯ ಮನೆಗಳೂ ಬಹಳಷ್ಟು ಹಾಗೇ ಇವೆ. ನೆಲ ನಡುಗಿದಾಗ ಗೋಡೆಯ ಒಳಮೈ, ಹೊರಮೈ ಬೇರೆಯಾಗಿ ಉಬ್ಬುತ್ತವೆ, ಮಾಳಿಗೆ ಒಮ್ಮೆಲೇ ಕೂರುತ್ತದೆ.

ಊರಿಗೆ ಹಣ ಕಳಿಸಿ ಮನೆ ಕಟ್ಟಿಸುವವರು ನಾವು. ಮುಂಭಾಗಕ್ಕೆ ಯಾವ ಟೈಲ್ಸ್, ಮೆಟ್ಟಿಲಿಗೆ ಯಾವ ಗ್ರಾನೈಟ್ ಎಂದು ವಾಟ್ಸ್‌ಆ್ಯಪಿನಲ್ಲಿ ಹತ್ತು ಫೋಟೊ ತರಿಸಿಕೊಳ್ಳುತ್ತೇವೆ. ಅದಕ್ಕೂ ಮೊದಲು ಮೇಸ್ತ್ರಿಗೆ ಕೇಳಬೇಕಾದ್ದು ಬೇರೆ. ಪಾಯದ ಮೇಲೆ, ಬಾಗಿಲು-ಕಿಟಕಿಗಳ ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಎಲ್ಲ ಗೋಡೆಗಳನ್ನೂ ಸುತ್ತಿ ಬರುತ್ತದೆಯೇ? ಆರ್‌ಸಿಸಿ ಇಲ್ಲದೆ ಶೀಟು ಅಥವಾ ಫರಸಿ ಹೊದಿಸುವುದಾದರೆ ಮಾಳಿಗೆಯ ಮಟ್ಟದಲ್ಲೂ ಅಂಥ ಪಟ್ಟಿ ಇದೆಯೇ? ಮೂಲೆಗಳಲ್ಲಿ ನಿಲುವು ಕಬ್ಬಿಣವಿದೆಯೇ? ಕಲ್ಲುಗೋಡೆಯಾದರೆ ಅಲ್ಲಲ್ಲಿ ಎರಡೂ ಮೈ ಮುಟ್ಟುವಷ್ಟು ಉದ್ದದ ಕಲ್ಲು ಕೂರಿಸಿದ್ದಾರೆಯೇ? ಇದರಲ್ಲಿ ಹೊಸದೇನಿಲ್ಲ. ಕಿಲ್ಲಾರಿಯ ವರ್ಷವೇ ಬಂದ ಭಾರತೀಯ ಮಾನಕ 13828ರಲ್ಲಿ ಇಂಥ ಮನೆಗಳ ವಿವರವೆಲ್ಲ ಇದೆ.

ಕಾಕಾರಿಗೆ ನಾನು ತಾರೀಖು ಹೇಳಲಿಲ್ಲ. ಮಾಳಿಗೆಯ ಮೇಲೆ ವರ್ಷವರ್ಷವೂ ಸೋರುತ್ತದೆಂದು ಹಾಕುತ್ತಾ ಬಂದ ಮಣ್ಣು ಎಷ್ಟು ದಪ್ಪವಿದೆ ಎಂದು ಕೇಳಿದೆ. ಆ ಬೇಸಿಗೆಯಲ್ಲೇ ಅದನ್ನು ಇಳಿಸಿ, ಗೋಡೆ ನೋಡಿಸಿ, ಹಗುರ ಶೀಟು ಹೊದಿಸಲು ಮನೆಯವರೆಲ್ಲ ದುಡ್ಡು ಹಂಚಿಕೊಂಡೆವು. ಗೋಡೆ ಹಳೆಯದೇ, ಅಪಾಯ ಪೂರ್ತಿ ಹೋಗಿಲ್ಲ. ಆದರೆ ತಲೆಯ ಮೇಲಿನ ಭಾರವಂತೂ ಇಳಿದಿದೆ.

ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಒಂದರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಮಾಳಿಗೆ ಹತ್ತಿ ಮಣ್ಣಿನ ದಪ್ಪ ನೋಡಿ, ಗೋಡೆ ಉಬ್ಬಿದೆಯೇ ಎಂದು ಕೈಯಾಡಿಸಿ, ಮೂಲೆಯ ಬಿರುಕಿಗೆ ಸುಣ್ಣ ಬಳಿದು ಮುಚ್ಚಿದ್ದರೆ ಕೆರೆದು ನೋಡಿ. ಹೊಸ ಮನೆ ಏಳುತ್ತಿದ್ದರೆ ಟೈಲ್ಸಿನ ಅಂಗಡಿಗಿಂತ ಮೊದಲು ಎಂಜಿನಿಯರ್ ಬಳಿ ಹೋಗಿ.